ಹೊಸ್ತಿಲಲ್ಲಿ ನಿಂತ ‘ಯೆಗೆ’

ನಮ್ಮ ಕಡೆ ಹೊಸ ಸೊಸೆ ಒಡಪು ಎಂಬ ಪ್ರಾಸದ ಸಾಲುಗಳಲ್ಲಿ ಗಂಡನ ಹೆಸರು ಸೇರಿಸಿ ಹೇಳದೆ ಮನೆಯೊಳಗೆ ಬರುವಂತಿಲ್ಲ. ನನಗಾದರೆ ಅಜ್ಜಿ ಕಲಿಸಿದ ಒಡಪುಗಳೇ ಒಂದು ಬುಟ್ಟಿ ಇವೆ. ನನ್ನ ಸೊಸೆ ನಿಪ್ಪಾಣಿಯವಳು, ಮನೆಮಾತು ಮರಾಠಿ. ಫೋನಿನಲ್ಲೇ ಸ್ಪ್ಯಾನಿಷ್ ಕಲಿತು ಈಗ ಬೇರೆಯವರಿಗೂ ಕಲಿಸುತ್ತಾಳೆ; ಕನ್ನಡಕ್ಕೆ ಬಂದರೆ ಮಾತ್ರ ತಡವರಿಕೆ. ಮದುವೆ ಮುಗಿಸಿ ಅಥಣಿಯ ನಮ್ಮ ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳಿಗೆ ಒಂದೇ ಚಿಂತೆ.

“ಬಾಗಿಲದಾಗ ನಾ ತಪ್ಪಿದ್ರ ಎಲ್ಲಾರೂ ನಗ್ತಾರೇನ್ರಿ, ಅತ್ತಿ?”

ಕಾರಿನಲ್ಲೇ ಒಂದು ಒಡಪು ಬಾಯಿಪಾಠ ಮಾಡಿಸಿದೆ.

ಬಾಗಿಲಲ್ಲಿ ನನ್ನ ದೊಡ್ಡ ನಾದಿನಿ ಚೌಕಟ್ಟಿಗೆ ಎರಡೂ ಕೈ ಹಚ್ಚಿ ನಿಂತಿದ್ದರು. “ಹೆಸರ ಹೇಳವಾ. ಇಲ್ಲಂದ್ರ ನಿಪ್ಪಾಣಿ ಬಸ್ಸ್ ಇನ್ನೂ ಐತಿ!”

ನಾನು ಕಲಿಸಿದ್ದೆಲ್ಲ ಹುಡುಗಿ ಮರೆತಳು. ಕಣ್ಣು ಮುಚ್ಚಿ ತಾನೇ ಒಂದು ಕಟ್ಟಿಬಿಟ್ಟಳು. ಮಗನ ಹೆಸರೊಂದನ್ನು ಇಲ್ಲಿ ಬಿಟ್ಟಿದ್ದೇನೆ:

“ನಿಪ್ಪಾಣಿ ಬಿಟ್ಟೆ, ಚಿಕ್ಕೋಡಿ ದಾಟಿದೆ, ಅಥಣಿಗೆ ಯೆಗೆ,
…ರಾಯರ ಕೈ ಹಿಡದ ಬಂದೆ ಅತ್ತಿ ಮನಿಗೆ!”

ಹೆಂಗಸರೆಲ್ಲ ಹೋ ಎಂದರು. ನಾದಿನಿ ಬಿಡಬೇಕಲ್ಲ!

“ಯೆಗೆ ಅಂದ್ರ ಏನ ಬೇ? ಬೈದಿ ಏನ ನಮಗ?”

“ಇಲ್ರಿ! ಸ್ಪ್ಯಾನಿಷ್ ಐತಿ. ಮ್ಹಣಜೆ… ಅಂದ್ರ, ‘ನಾ ಬಂದು ಮುಟ್ಟಿದೆ’ ಅಂತ್ರಿ.”

“ಹೊರಡೂ ಮುಂದ ಅನ್ನಬಹುದ?”

“ಇಲ್ರಿ. ದಾರಿ ಪೂರಾ ಮುಗೀಬೇಕು. ಮುಟ್ಟಿದ ಮ್ಯಾಲನ ಅನ್ನೂದು.”

ನಾವೋ, ಮನೆಯಲ್ಲಿ ಮುಖ ತೊಳೆಯುತ್ತಲೇ ಫೋನಿನಲ್ಲಿ “ಬಂದೆ, ರಾಯಬಾಗ ದಾಟೇನಿ” ಎನ್ನುವ ಜನ. “ಹಂಗಾರ ನಮ್ಮ ಮನ್ಯಾರಿಗೆ ಈ ಮಾತ ಕಲಸಬ್ಯಾಡವಾ, ಬಾಯಿ ಕಟ್ಟಿಧಂಗ ಆಗತೈತಿ” ಎಂದಳು ಪಕ್ಕದ ಮನೆಯಾಕೆ. ಆದರೆ ಮರುಕ್ಷಣ ಆಕೆಯೇ “ಏಕಸಂಬಿ ಸಂತಿಗೆ ಯೆಗೆ” ಎಂದು ಗಂಡನ ಹೆಸರಿಗೆ ಪ್ರಾಸ ಹುಡುಕತೊಡಗಿದಳು. ಇನ್ನೊಬ್ಬಳು ‘ಡೇರಿಗೆ ಯೆಗೆ’ ಎಂದಳು. ಯಾರದು ಯಾರಿಗೂ ಕೇಳದು, ಬರೀ ನಗೆ. ಅರವತ್ತು ದಾಟಿದರೂ ಗಂಡನ ಹೆಸರೆತ್ತದ ನನ್ನ ನಾದಿನಿ, “ತಡೀರಿ, ನಂದೂ ಒಂದ ಕೂಡಸ್ತೀನಿ” ಎಂದು ಚೌಕಟ್ಟು ಬಿಟ್ಟು ಬೆರಳು ಮಡಚತೊಡಗಿದರು.

“ಅತ್ತಿ, ನಾ ಒಳಗ ಬರ್ಲ್ಯಾ?” ಸೊಸೆ ಪಿಸುಗುಟ್ಟಿದಳು.

ನಾನು ಕಣ್ಣು ಮಿಟುಕಿಸಿದೆ. ಅವಳು ಹೊಸ್ತಿಲ ಮೇಲಿನ ಅಕ್ಕಿಯ ಸೇರು ಒದ್ದಳು. ಅಕ್ಕಿ ನಾದಿನಿಯ ಸೀರೆಯ ನೆರಿಗೆಯವರೆಗೂ ಚಿಮ್ಮಿತು.

“ಅಯ್ಯ, ಈಕಿನ್ನ ಯಾರ ಒಳಗ ಬಿಟ್ರ?” ಎಂದು ನಾದಿನಿ ಗದರಿ, ಅವಳ ಕೈ ಹಿಡಿದು ಪಕ್ಕಕ್ಕೆ ಕೂಡಿಸಿಕೊಂಡರು. “ಬಂದಾಕಿ ಬಂದಿ, ಇಲ್ಲೆ ಕುಂಡ್ರು. ‘ಬೋರಗಾಂವಿಗೆ ಯೆಗೆ’ ಅಂದ್ನಿ. ಮುಂದ ನಮ್ಮವರ ಹೆಸರ ಎಲ್ಲಿ ತುರಕಲಿ, ಹೇಳು.”