ಖಾಲಿ ಚೌಕವಿಲ್ಲದ ಕಾರ್ಡು

ನಿವೃತ್ತಿಯ ಹಿಂದಿನ ವರ್ಷ ನಾನು ಶಿವಮೊಗ್ಗದ ಕಣ್ಣಿನ ಆಸ್ಪತ್ರೆಯೊಂದರಲ್ಲಿ ಮಕ್ಕಳ ಮೆಳ್ಳೆಗಣ್ಣಿನ ಸಂಶೋಧಕನಾಗಿದ್ದೆ. ಕೆಲವು ಮಕ್ಕಳು ಸ್ಪಷ್ಟವಾಗಿ ನೋಡಲು ಅತಿಯಾಗಿ ಶ್ರಮಿಸುವಾಗ ಒಂದು ಕಣ್ಣು ಮೂಗಿನತ್ತ ವಾಲುತ್ತದೆ. ಪ್ಲಸ್ ಪವರ್ ಕನ್ನಡಕವನ್ನು ವಾರಗಟ್ಟಲೆ ಬಿಡದೆ ಹಾಕಿದರೆ ಅದು ಆ ಶ್ರಮವನ್ನು ತಪ್ಪಿಸಿ ಕಣ್ಣನ್ನು ನೇರಗೊಳಿಸುತ್ತದೆ. ತಡವಾದರೆ ಮಿದುಳು ಆ ಕಣ್ಣನ್ನು ಕೈಬಿಡುತ್ತದೆ. ನೋವಿರುವುದಿಲ್ಲ, ಮಗು ಅಳುವುದೂ ಇಲ್ಲ.

ಭದ್ರಾವತಿ ಹಳೇನಗರದ ಐದು ವರ್ಷದ ಭಾವನಾಳನ್ನು ಅವಳ ಅಜ್ಜಿ ಕರೆತರುತ್ತಿದ್ದರು. ಕನ್ನಡಕ ಕೊಟ್ಟಾಗ, ಹಾಕಿದ ದಿನಗಳನ್ನು ಗುರುತಿಸಲು ದಿನಕ್ಕೊಂದು ಚೌಕವಿರುವ ಕಾರ್ಡನ್ನೂ ಕೊಟ್ಟಿದ್ದೆ. ಮೂರು ತಿಂಗಳ ಬಳಿಕ ಕಾರ್ಡು ತುಂಬಿತ್ತು. ಆದರೆ ಕನ್ನಡಕ ಹಾಕಿಸಿ ನೋಡಿದರೂ ಎಡಗಣ್ಣು ಒಳಕ್ಕೇ ವಾಲಿತ್ತು, ದೃಷ್ಟಿಯೂ ಕುಗ್ಗಿತ್ತು. ‘ಕನ್ನಡಕ ಫಲಿಸಿಲ್ಲ’ ಎಂದು ಬರೆದೆ. ಆ ಒಂದು ಸಾಲನ್ನು ನಂಬಿ ಗುರುವಾರಕ್ಕೆ ಶಸ್ತ್ರಚಿಕಿತ್ಸೆ ನಿಗದಿಯಾಯಿತು.

ಸೋಮವಾರ ಕಡತದ ದಿನಾಂಕಗಳನ್ನು ಎಂದಿನಂತೆ ತಾಳೆ ನೋಡುತ್ತಿದ್ದೆ. ಕಾರ್ಡಿನೊಂದಿಗೆ ಸೇರಿಬಂದಿದ್ದ, ಕೋಟೆ ಬಳಿಯ ಅಂಗಡಿಯೊಂದರ ರಿಪೇರಿ ಚೀಟಿ ಕೈಗೆ ಸಿಕ್ಕಿತು. ಫ್ರೇಮು ಹನ್ನೊಂದು ದಿನ ಅಂಗಡಿಯಲ್ಲೇ ಇತ್ತು. ಕಾರ್ಡಿನಲ್ಲಿ ಆ ಹನ್ನೊಂದು ದಿನಗಳಿಗೂ ಗುರುತಿತ್ತು. ಒಂದೇ ಶಾಯಿ, ಒಂದೇ ಓರೆ.

ಮರುದಿನವೇ ಇಬ್ಬರನ್ನೂ ಕರೆಸಿದೆ.

“ಅಂಗಡೀಲಿದ್ದ ಕನ್ನಡಕನ ಮಗು ಹೆಂಗಮ್ಮ ಹಾಕ್ಕೊಳ್ತು?”

“ಒಳ್ಳೆ ಪೊಲೀಸ್ನೋರ ಥರ ಕೇಳ್ತೀರಲ್ಲ ಸಾರ್!” ಅಜ್ಜಿ ನಕ್ಕರು. “ಖಾಲಿ ಬಿಟ್ರೆ ಬೈತೀರ ಅಂತ ಬಸ್ಸಲ್ಲೇ ಕೂತು ಎಲ್ಲ ತುಂಬಿಸ್ದೆ.”

“ಅಜ್ಜಿ ಕನ್ನಡಕನ ಅಕ್ಕಿ ಡಬ್ಬೀಲಿ ಬಚ್ಚಿಟ್ಟಿದಾಳೆ,” ಎಂದಳು ಭಾವನಾ.

ಅಜ್ಜಿಯ ನಗು ನಿಂತಿತು. “ಹಾಕಿ ತೆಗುದ್ರೆ ಕಣ್ಣು ಮೊದ್ಲಿಗಿಂತ ಒಳಗೆ ಹೋಗ್ತಿತ್ತು ಸಾರ್. ಈ ಗಾಜೇ ಮಗೂನ ಕೆಡಿಸ್ತಿದೆ ಅಂದ್ಕೊಂಡೆ.”

ಸ್ಪಷ್ಟ ನೋಟಕ್ಕೆ ಒಗ್ಗಿದ ಕಣ್ಣು, ಕನ್ನಡಕ ತೆಗೆದಾಗ ಇನ್ನಷ್ಟು ಶ್ರಮಿಸಿ ವಾಲುವುದು ಸಹಜ. ಅದನ್ನು ಮೊದಲ ದಿನವೇ ಹೇಳಬೇಕಿದ್ದವನು ನಾನು. ಹೇಳಿರಲಿಲ್ಲ. ಗುರುವಾರ ಶಸ್ತ್ರಚಿಕಿತ್ಸೆ ನಡೆದಿದ್ದರೆ, ಮುಂದೆ ಕನ್ನಡಕ ಹಾಕಿದ ದಿನ ಅದೇ ಕಣ್ಣು ಹೊರಕ್ಕೆ ವಾಲಬಹುದಿತ್ತು. ಶಸ್ತ್ರಚಿಕಿತ್ಸೆಯನ್ನು ರದ್ದುಪಡಿಸಿದೆವು. ನಾಲ್ಕು ತಿಂಗಳು ನಿಜವಾಗಿ ಕನ್ನಡಕ ಧರಿಸಿದ ಮೇಲೆ ಭಾವನಾಳ ಕಣ್ಣುಗಳು ನೇರವಾದವು. ಎಡಗಣ್ಣಿಗೆ ಮಾತ್ರ ದೃಷ್ಟಿಪರೀಕ್ಷೆಯ ಫಲಕದ ಕೊನೆಯ ಎರಡು ಸಾಲುಗಳು ದಕ್ಕಲಿಲ್ಲ.

ಬೈಗುಳಕ್ಕೆ ಹೆದರಿದವರು ನಮಗೆ ಬೇಕಾದ ಉತ್ತರವನ್ನೇ ಬರೆದು ಕೊಡುತ್ತಾರೆ. ಇದು ನನ್ನ ವೃತ್ತಿ ತಡವಾಗಿ ಕಲಿಸಿದ ಪಾಠ. ಅಜ್ಜಿ ಬಂದುಹೋದ ಆ ಮಂಗಳವಾರ ಸಂಜೆಯೇ ಕಪಾಟಿನಿಂದ ಉಳಿದ ಮಕ್ಕಳ ಕಾರ್ಡುಗಳನ್ನು ಹೊರತೆಗೆದು ಒಂದೊಂದಾಗಿ ಮೇಜಿನ ಮೇಲೆ ಹರಡಿದೆ. ಯಾವುದರಲ್ಲೂ ಒಂದೇ ಒಂದು ಖಾಲಿ ಚೌಕವಿರಲಿಲ್ಲ.