ಅಮ್ಮ ಕಂಡುಹಿಡಿದ ಉಪವಾಸ

ಮೊನ್ನೆ ಟೊರಾಂಟೋ ಪಕ್ಕದ ಮಾರ್ಕಮ್ಮಿನ ಜಪಾನಿ ಅಂಗಡಿಯೊಂದರಲ್ಲಿ ಸೋಯಾ ಸಾಸ್ ಹುಡುಕುತ್ತಿದ್ದೆ. ಪಕ್ಕದ ಶೆಲ್ಫಿನಿಂದ ಹುಳಿ ಬಂದ ತೌಡಿನ ವಾಸನೆ ಬಂತು. ತೌಡು ಅಂದರೆ ನಾವು ದನಕ್ಕೆ ಕಲಸಿಡುವ ಅದೇ ತೌಡು. ಜಪಾನಿನವರು ಅದಕ್ಕೆ ಉಪ್ಪುನೀರು ಹಾಕಿ ಹುದುಗಿಸಿ, ಒಳಗೆ ಸೌತೆಕಾಯಿ, ಮೂಲಂಗಿ ಹೂತಿಟ್ಟು ಉಪ್ಪಿನಕಾಯಿ ಮಾಡುತ್ತಾರೆ. ದಿನಾ ಕೈಹಾಕಿ ಮಗುಚಬೇಕು, ಮರೆತರೆ ಕೆಟ್ಟೇಹೋಯಿತು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಅಪಾರ್ಟ್‌ಮೆಂಟು, ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲದ ಅದರ ಅಡುಗೆಮನೆ, ಅಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ ತೌಡಿನ ಡಬ್ಬಿಯೊಳಗೆ ಮೊಣಕೈವರೆಗೆ ಕೈಯಿಟ್ಟ ಅಮ್ಮ, ಪಕ್ಕದಲ್ಲಿ ತಲೆಯಾಡಿಸುತ್ತಿದ್ದ ಮಿಚಿಕೋ ಆಂಟಿ, ಎಲ್ಲಾ ಎದುರಿಗೆ ಬಂದು ನಿಂತರು. ನೀವೂ ಅಂಥ ಬಿಲ್ಡಿಂಗಿನಲ್ಲಿ ಬೆಳೆದವರಾದರೆ, ನೆನಪು ಬಂತು, ಹಿತವಾಯಿತು ಅಂತ ಬರೆಯುವುದು ಎಷ್ಟು ಸುಲಭ ಅಂತ ಗೊತ್ತಿರುತ್ತದೆ. ನನಗೆ ಹಿತವಾಗಲಿಲ್ಲ, ಸಿಟ್ಟು ಬಂತು. ಸೋಯಾ ಸಾಸೂ ತಗೊಳ್ಳದೆ ಹೊರಗೆ ಬಂದುಬಿಟ್ಟೆ.

ಅಮ್ಮ ಮೈಸೂರಿನಲ್ಲಿ ಗೃಹವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದವಳು. ಮನೆ ಹೇಗೆ ನಡೆಯುತ್ತದೆ, ಒಂದು ಸಂಸಾರದ ದಿನ ಯಾರ ಕೈಯಲ್ಲಿ ಎಷ್ಟು ಸವೆಯುತ್ತದೆ ಅನ್ನುವುದನ್ನು ಓದಿ ಪಾಸಾದವಳು. ತೊಂಬತ್ತರ ದಶಕದ ಶುರುವಿನಲ್ಲಿ ಟೊರಾಂಟೋಗೆ ಬಂದಮೇಲೆ ಆ ಡಿಗ್ರಿಯನ್ನು ಯಾರೂ ಕೇಳಲಿಲ್ಲ, ಕೇಳಿದವರು ನಕ್ಕರು. ಎಲ್ಲರಿಗಿಂತ ಮೊದಲು ನಕ್ಕವರು ನಮ್ಮಪ್ಪ. ಅಪ್ಪ ಪಕ್ಕದೂರು ಒಶಾವಾದಲ್ಲಿ ಕಾರಿನ ಬಿಡಿಭಾಗ ಮಾಡುವ ಫ್ಯಾಕ್ಟರಿಯೊಂದರ ಇಂಜಿನಿಯರು. ಸ್ಟಾಪ್‌ವಾಚು ಹಿಡಿದುಕೊಂಡು, ಕೆಲಸಗಾರನೊಬ್ಬ ಬೋಲ್ಟು ಬಿಗಿಯೋದಕ್ಕೆ ಎಷ್ಟು ಹೊತ್ತು ತಗೋತಾನೆ ಅಂತ ಅಳೆಯುವುದು ಅವರ ಕೆಲಸ. ಮನೆಗೆ ಯಾರಾದರೂ ಬಂದರೆ, "ಇವಳು ಅನ್ನ ಬೇಯಿಸೋದ್ರಲ್ಲಿ ಎಂಎಸ್ಸಿ" ಅಂತ ಪರಿಚಯ ಮಾಡಿಸೋರು. ಬಂದವರು ನಗೋರು, ಅಮ್ಮನೂ ನಕ್ಕು ಕಾಫಿ ತರೋಕೆ ಒಳಗೆ ಹೋಗೋಳು. ಬೋಲ್ಟು ಅಳೆದರೆ ಇಂಜಿನಿಯರಿಂಗು, ದೋಸೆ ಮಗುಚುವುದನ್ನು ಅಳೆದರೆ ತಮಾಷೆ. ಇದರಲ್ಲಿ ನಗುವಂಥದ್ದು ಏನಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ.

ಮಿಚಿಕೋ ಆಂಟಿ ನಮ್ಮ ಫ್ಲೋರಿಗೇ ಬಾಡಿಗೆಗೆ ಬಂದಾಗ ನನಗೆ ಹತ್ತೋ ಹನ್ನೊಂದೋ. ಜಪಾನಿನ ಹೆಣ್ಣುಮಕ್ಕಳ ಕಾಲೇಜೊಂದರಲ್ಲಿ ಆಕೆ ಗೃಹವಿಜ್ಞಾನದ ಮೇಷ್ಟ್ರು. ತನ್ನ ಊರಿನ ಸಾಲು ಸಾಲು ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ವರ್ಷ ಸಂಸಾರಗಳ ದಿನಚರಿ ನೋಡಿ ಬರೆದವರು. ಅನ್ನದ ಮೊದಲ ಚಮಚ ಯಾರ ಬಟ್ಟಲಿಗೆ, ಸ್ನಾನದ ತೊಟ್ಟಿಗೆ ಮೊದಲು ಇಳಿಯುವವರು ಯಾರು, ಕೊನೆಗೆ ಅದನ್ನು ಉಜ್ಜುವವರು ಯಾರು, ನೆರೆಹೊರೆಯ ಸುದ್ದಿಯ ಹಲಗೆ ಮನೆಯಿಂದ ಮನೆಗೆ ಯಾರ ಕೈಯಲ್ಲಿ ಹೋಗುತ್ತದೆ, ಕಸದ ಜಾಗ ಗುಡಿಸುವ ಸರದಿ ಯಾರದು, ಎಲ್ಲಾ. ದಿನವನ್ನು ಕಾಲು ಗಂಟೆಗೊಂದು ಚೌಕವಾಗಿ ಕತ್ತರಿಸಿ ಬಣ್ಣ ತುಂಬುತ್ತಿದ್ದರು. ಅಲ್ಲಿ ಈಗ ಹುಡುಗರೂ ಸ್ಕೂಲಿನಲ್ಲಿ ಗೃಹವಿಜ್ಞಾನ ಓದುತ್ತಾರೆ ಅಂದಾಗ ಅಮ್ಮ ಕಾಫಿ ಲೋಟ ಕೆಳಗಿಟ್ಟಳು. "ನೋಡೇ, ಅಲ್ಲಿ ಇದಕ್ಕೆ ಮರ್ಯಾದೆ ಇದೆ" ಅಂತ ಅವತ್ತಿಡೀ ನನಗೆ ಹೇಳಿದ್ದೇ ಹೇಳಿದ್ದು. ತಟ್ಟೆ ತೊಳೆಯುತ್ತಾ ಹೇಳಿದಳು, ಬಟ್ಟೆ ಮಡಿಸುತ್ತಾ ಹೇಳಿದಳು. ನಾನು "ಓಕೇ ಮಾಮ್, ಐ ಗಾಟ್ ಇಟ್" ಅಂದೆ. ಅಪ್ಪ ಮಾತ್ರ, "ಜಪಾನಿನವರು ಕಾರು ಮಾಡ್ತಾರೆ ಅಂದ್ಕೊಂಡಿದ್ದೆ, ಇದನ್ನೂ ಮಾಡ್ತಾರಾ?" ಅಂದರು.

ಜಪಾನಿನ ಆ ಸಂಸಾರಗಳ ಪಕ್ಕಕ್ಕಿಟ್ಟು ನೋಡುವುದಕ್ಕೆ ನಮ್ಮ ಬಿಲ್ಡಿಂಗಿನ ಕೆಲವು ಸಂಸಾರಗಳು ಬೇಕಾಗಿದ್ದವು ಆಕೆಗೆ, ನಮ್ಮದೂ ಸೇರಿ. ಡೌನ್‌ಟೌನಿನ ಕಾಲೇಜೊಂದರ ಪ್ರೊಫೆಸರು ಈ ಕೆಲಸದ ಮೇಲೆ ಕಣ್ಣಿಟ್ಟಿದ್ದರು. ಇದು ಚೆನ್ನಾಗಿ ಮುಗಿದರೆ ದೊಡ್ಡದೊಂದು ಅಧ್ಯಯನ, ಅದಕ್ಕೆ ನಮ್ಮ ಕಡೆಯ ಭಾಷೆ ಬಲ್ಲ ಸಹಾಯಕಿಯ ಕೆಲಸ. "ನಿಮ್ಮ ಹೆಸರು ನಾನೇ ಹೇಳ್ತೀನಿ" ಅಂತ ಮಿಚಿಕೋ ಆಂಟಿ ತನ್ನ ತೊದಲು ಇಂಗ್ಲಿಷಿನಲ್ಲಿ ಅಮ್ಮನಿಗೆ ಮಾತು ಕೊಟ್ಟರು. ಎಲ್ಲಿ ಅರ್ಜಿ ಹಾಕಿದರೂ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಇಲ್ಲ ಅನ್ನಿಸಿಕೊಂಡು ಬಂದವಳು ಅಮ್ಮ. ತಾನು ಓದಿದ್ದೇ ಕೆಲಸವಾಗಬಹುದು ಅನ್ನುವ ಮಾತು ಆ ದೇಶದಲ್ಲಿ ಅವಳ ಕಿವಿಗೆ ಬಿದ್ದದ್ದು ಅದೇ ಮೊದಲು. ಆಮೇಲೆ ಅವಳ ನಡಿಗೆಯೇ ಬೇರೆಯಾಯಿತು. ಲಾಂಡ್ರಿ ರೂಮಿಗೂ ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗತೊಡಗಿದಳು.

ಆದರೆ ಕೆಲಸ ಮೊದಲ ಮನೆಯಲ್ಲೇ ಕೆಟ್ಟಿತು. ನೋಡುವವರು ಮೂಲೆಯಲ್ಲಿ ಕೂತು ಮಾತಾಡಬಾರದು, ಏನೂ ತಿನ್ನಬಾರದು, ಚೌಕ ತುಂಬಬೇಕು ಅಷ್ಟೆ. ಜಪಾನಿನಲ್ಲಾದರೆ ಒಂದು ಲೋಟ ಟೀ ಕೊಟ್ಟು ಮರೆತುಬಿಡುತ್ತಾರಂತೆ. ಥಾರ್ನ್‌ಕ್ಲಿಫ್ ಪಾರ್ಕಿನಲ್ಲಿ ಯಾರು ಮರೀತಾರೆ? ಎದುರುಮನೆಯ ನಸ್ರೀನ್ ಆಂಟಿ, ಲಾಹೋರಿನವರು, ಬಿರಿಯಾನಿ, ಖೀರು ಮಾಡಿ ಮಕ್ಕಳಿಗೆ ಈದಿನ ಬಟ್ಟೆ ತೊಡಿಸಿ ಕೂಡಿಸಿದ್ದರು. ಕತ್ತಲಾಗುವ ಮುಂಚೆ ಮನೆ ಸೇರದ ಅವರ ಗಂಡ ಅವತ್ತು ಟೈ ಕಟ್ಟಿಕೊಂಡು ಈರುಳ್ಳಿ ಹೆಚ್ಚುತ್ತಾ ನಿಂತಿದ್ದರು. ಕನ್ನಡದವರ ಮನೆಯಲ್ಲಿ ಇನ್ನೂ ಅತಿಯಾಯಿತು, ಚಿರೋಟಿಯೇ ಬಂತು. ತಿನ್ನಲ್ಲ ಅಂದರೆ ಮುಖ ಸಣ್ಣದು ಮಾಡಿಕೊಂಡು, ಅಡುಗೆ ಸರಿಯಾಗಿಲ್ಲವೇನೋ ಅಂತ ಮತ್ತೆ ಒಲೆ ಹಚ್ಚೋರು. ಚೌಕಗಳಲ್ಲಿ ನಮ್ಮ ಬಿಲ್ಡಿಂಗಿನ ಗಂಡಸರೆಲ್ಲ ಈರುಳ್ಳಿ ಹೆಚ್ಚುವವರು, ಹೆಂಗಸರೆಲ್ಲ ದಿನಾ ಸಿಹಿ ಮಾಡುವವರು ಅಂತಾಯಿತು. ಮಿಚಿಕೋ ಆಂಟಿ ನಮ್ಮ ಸೋಫಾದ ಮೇಲೆ ಕೂತು ಅತ್ತೇಬಿಟ್ಟರು.

ಅಮ್ಮ ಸೊಪ್ಪು ಬಿಡಿಸುತ್ತಿದ್ದಳು. ಕೈಯಲ್ಲಿದ್ದ ಕಂತೆ ಮುಗಿಸಿ, "ಇವರಿಗೆ ವ್ರತ ಅಂತ ಹೇಳಿಬಿಡೋಣ" ಅಂದಳು. ಯೋಚನೆ ಮಾಡಿ ನೋಡಿ, ನಮ್ಮವರ ಮನೆಯಲ್ಲಿ ಪಾಪಪ್ರಜ್ಞೆಯಿಲ್ಲದೆ ಹಸಿದು ಕೂರಿಸಬಹುದಾದ ಅತಿಥಿ ಅಂದರೆ ಉಪವಾಸ ಮಾಡುವವರು ಒಬ್ಬರೇ. ಜೊತೆಗೆ ಮೌನವ್ರತ ಅಂದುಬಿಟ್ಟರೆ ಮಾತಾಡಿಸುವ ತಾಪತ್ರಯವೂ ತಪ್ಪಿತು. ನಸ್ರೀನ್ ಆಂಟಿಗೆ, "ಇನ್ಕಾ ರೋಜಾ ಹೈ, ಬಾತ್ ಭೀ ನಹೀ ಕರ್ತೇ" ಅಂತ, ಇವರಿಗೆ ಉಪವಾಸ, ಮಾತೂ ಆಡಲ್ಲ ಅನ್ನುವುದನ್ನು, ಬಿಲ್ಡಿಂಗಿನಲ್ಲಿ ಕಲಿತ ಹಿಂದಿಯಲ್ಲಿ ಹೇಳಿದಳು. ಅವರು ದುಪಟ್ಟಾ ತಲೆಗೆಳೆದುಕೊಂಡು, ಗೌರವದಿಂದ ಕುರ್ಚಿಯೊಂದನ್ನು ಮೂಲೆಗೆ ಸರಿಸಿ ತಮ್ಮ ಕೆಲಸಕ್ಕೆ ಹೋದರು. ಕೆಲವು ದಿನದಲ್ಲಿ ಮೂಲೆಯ ಕುರ್ಚಿ ಮರೆತೇಹೋಯಿತು. ಗಂಡ ಟೀವಿ ಮುಂದೆ ಕೂತರು, ಮಕ್ಕಳು ಕಿತ್ತಾಡಿದರು, ನಸ್ರೀನ್ ಆಂಟಿ ಎಲ್ಲರದೂ ಆದಮೇಲೆ ಒಲೆಯ ಪಕ್ಕ ನಿಂತುಕೊಂಡೇ ಉಳಿದ ರೊಟ್ಟಿ ತಿಂದರು. ಆ ಮಾತುಕತೆ ಮಿಚಿಕೋ ಆಂಟಿಗೆ ಅರ್ಥವಾಗುತ್ತಿರಲಿಲ್ಲವಾದ್ದರಿಂದ ಜೊತೆಗೆ ಹೋಗಿ ಅರ್ಧಕ್ಕರ್ಧ ಚೌಕಗಳನ್ನು ತುಂಬುತ್ತಿದ್ದವಳು ಅಮ್ಮನೇ. ಜಪಾನಿನ ತಾಯಿ ಅನ್ನದ ಕುಕ್ಕರಿಗೆ ಹತ್ತಿರ ಕೂರುತ್ತಾಳೆ, ಇಲ್ಲಿಯ ತಾಯಿ ಕೂರುವುದೇ ಇಲ್ಲ ಅನ್ನುವುದು ಅವರಿಬ್ಬರೂ ನಮ್ಮ ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕಂಡುಕೊಂಡ ವಿಷಯ. ನಮ್ಮ ಮನೆಯ ಹಾಳೆ ನೋಡಿ ಅಮ್ಮ, "ನಾನೂ ಕೂತು ಊಟ ಮಾಡೋದೇ ಇಲ್ವಲ್ಲೇ" ಅಂದು ನನ್ನ ಮುಖ ನೋಡಿದಳು. ಆ ತಿಂಗಳುಗಳಲ್ಲಿ ಅವಳು ಎಷ್ಟು ಗೆಲುವಾಗಿದ್ದಳೋ, ಅಷ್ಟು ಗೆಲುವಾಗಿ ಮುಂದೆಂದೂ ನೋಡಲಿಲ್ಲ.

ಕೆಲಸ ಮುಗಿದಮೇಲೆ ಡೌನ್‌ಟೌನಿನ ಆ ಕಾಲೇಜಿನಲ್ಲಿ ಒಂದು ಮಧ್ಯಾಹ್ನ ಸಭೆ. ಅಮ್ಮ ಮಾವಿನಹಣ್ಣಿನ ಬಣ್ಣದ ಮೈಸೂರ್ ಸಿಲ್ಕ್ ಉಟ್ಟಳು. ಯಾರಾದರೂ ಮಾತಾಡಿಸಿದರೆ ಅಂತ ನಾಲ್ಕು ವಾಕ್ಯ ಇಂಗ್ಲಿಷು ಕನ್ನಡಿ ಮುಂದೆ ಅಭ್ಯಾಸ ಮಾಡಿಕೊಂಡಿದ್ದಳು. ಅಪ್ಪನಿಗೆ ಶಿಫ್ಟು, ಹಾಗಾಗಿ ಜೊತೆಗೆ ಹೋದವಳು ನಾನು. ಮಿಚಿಕೋ ಆಂಟಿ ಪರದೆಯ ಮೇಲೆ ಚಿತ್ರ ತೋರಿಸುತ್ತಾ ಹೋದರು. ಅದರಲ್ಲೊಂದು, ತಟ್ಟೆ ಕೈಯಲ್ಲಿ ಹಿಡಿದು ಒಲೆಯ ಪಕ್ಕ ನಿಂತು ತಿನ್ನುತ್ತಿದ್ದ ಅಮ್ಮ. ಕೆಳಗೆ, ಗೃಹಿಣಿ, ಮೂರನೇ ಸಂಸಾರ ಅಂತ ಇಂಗ್ಲಿಷಿನಲ್ಲಿ. ಪ್ರೊಫೆಸರು, ಅಷ್ಟು ಸಹಜವಾಗಿ ಅವರ ನಡುವೆ ಕೂರೋಕೆ ಹೇಗೆ ಸಾಧ್ಯವಾಯಿತು ಅಂತ ಕೇಳಿದರು. ಮಿಚಿಕೋ ಆಂಟಿ ಉಪವಾಸದ ಉಪಾಯ ಹೇಳಿದರು. ಸಭೆಯೆಲ್ಲ ನಕ್ಕಿತು, ಚಪ್ಪಾಳೆ ತಟ್ಟಿತು. ಎಂಥ ಸೂಕ್ಷ್ಮ, ಎಂಥ ಜಾಣತನ, ಇದನ್ನು ಪಾಠದಲ್ಲೇ ಸೇರಿಸಬೇಕು ಅಂದರು ಪ್ರೊಫೆಸರು. ಮಿಚಿಕೋ ಆಂಟಿ ನಮ್ಮ ಕಡೆ ತಿರುಗಿ ಕೈ ತೋರಿಸಿ, ಇವರು, ಅಂತ ಶುರುಮಾಡಿದರು. ಪ್ರೊಫೆಸರು ರೇಷ್ಮೆ ಸೀರೆ ನೋಡಿ ಅರಳಿಹೋದರು. ಓ, ನಮ್ಮ ತಾಯಂದಿರಲ್ಲಿ ಒಬ್ಬರು ಬಂದಿದ್ದಾರೆ, ದಯವಿಟ್ಟು ಎದ್ದು ನಿಲ್ಲಿ, ನಿಮ್ಮ ಅಡುಗೆಮನೆ ತೆರೆದಿದ್ದಕ್ಕೆ ಥ್ಯಾಂಕ್ಯೂ ಅಂದರು. ಅಮ್ಮ ಎದ್ದಳು, ಕೈ ಮುಗಿದಳು. ಇನ್ನೊಮ್ಮೆ ಚಪ್ಪಾಳೆ. ಆ ನಾಲ್ಕು ವಾಕ್ಯ ಬಾಯಿತನಕ ಬಂದದ್ದು ನನಗೆ ಕಂಡಿತು, ಅಷ್ಟರಲ್ಲಿ ಪ್ರೊಫೆಸರು ಟೀ ಕಡೆ ಹೊರಟಿದ್ದರು. ಅವಳು ಕೂತಳು.

ಬಸ್ಸಿನಲ್ಲಿ, "ಮಿಚಿಕೋ ಚೆನ್ನಾಗಿ ಮಾತಾಡಿದ್ಲು ಅಲ್ವೇನೇ?" ಅಂದಳು. "ಮಾಮ್, ದಟ್ ವಾಸ್ ಯುವರ್ ಐಡಿಯಾ" ಅಂತ ನಾನು ಎಲ್ಲರಿಗೂ ಕೇಳುವಷ್ಟು ಜೋರಾಗಿ ಅಂದೆ. "ಅಡುಗೆಮನೇಲಿ ಇರೋರಿಗೆ ಐಡಿಯಾ ದಿನಕ್ಕೆ ಹತ್ತು ಬರುತ್ತೆ, ಬಿಡು" ಅಂದು ಕಿಟಕಿಯ ಕಡೆ ತಿರುಗಿದಳು. ಮನೆಯಲ್ಲಿ ಅಪ್ಪ, "ಏನು, ಡಾಕ್ಟರೇಟ್ ಕೊಟ್ರಾ?" ಅಂದರು. ಅಮ್ಮ ನಕ್ಕು, ಚಪಾತಿ ಮಾಡಲಾ, ಅನ್ನ ಸಾಕಾ ಅಂತ ಕೇಳಿದಳು. ಮಾರನೇ ದಿನ ಮಿಚಿಕೋ ಆಂಟಿ ಬಂದು ಸೊಂಟ ಬಗ್ಗಿಸಿ ಬಗ್ಗಿಸಿ ಕ್ಷಮೆ ಕೇಳಿದರು. ಪ್ರೊಫೆಸರಿಗೆ ಆಮೇಲೆ ಎಲ್ಲಾ ವಿವರಿಸಿದರಂತೆ, ಅವರು ಹೌದಾ, ಎಷ್ಟು ಚಂದ, ಅಂದರಂತೆ. ಸಹಾಯಕಿಯ ಕೆಲಸ ಅವರದೇ ವಿದ್ಯಾರ್ಥಿನಿಯೊಬ್ಬಳಿಗೆ ಹೋಯಿತು. ನಮ್ಮ ಭಾಷೆ ಒಂದೂ ಬರದ ಹುಡುಗಿ. ವರ್ಷ ತಿರುಗುವಷ್ಟರಲ್ಲಿ ಮಿಚಿಕೋ ಆಂಟಿ ಊರಿಗೆ ಹೊರಟರು, ಅಮ್ಮ ಡೇಕೇರಿನಲ್ಲಿ ಮಕ್ಕಳಿಗೆ ಊಟ ಬಡಿಸುವ ಕೆಲಸಕ್ಕೆ ಸೇರಿದಳು. ಆ ವಿಷಯ ಮತ್ತೆ ಎತ್ತಲಿಲ್ಲ. ನಾನು ಎತ್ತಿದಾಗಲೆಲ್ಲ ಅವಳಿಗೆ ಕುಕ್ಕರು ಇಡುವ ನೆನಪಾಗುತ್ತಿತ್ತು.

ಎರಡು ಸಾವಿರದ ಮೊದಲ ದಶಕ ಮುಗಿಯುವ ಮುಂಚೆ ಅಮ್ಮ ಹೋದಳು. ಡೇಕೇರಿನ ಹೆಂಗಸರು, ನಸ್ರೀನ್ ಆಂಟಿ, ಕನ್ನಡದ ಹತ್ತಾರು ಮನೆಯವರು ಫ್ಯೂನರಲ್ ಹೋಮಿನ ಚಿಕ್ಕ ಹಾಲಿನಲ್ಲಿ ಕೂತಿದ್ದರು. ಒಬ್ಬೊಬ್ಬರೂ ಎದ್ದು ಅವಳ ಬಿಸಿಬೇಳೆಬಾತಿನ ಬಗ್ಗೆಯೇ ಹೇಳಿದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಆಮೇಲೆ ಅಪ್ಪನನ್ನು ಕರೆದರು. ಅಪ್ಪ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಅಮ್ಮನ ಹೆಸರು ಹೇಳಿದರು. "ವಸಂತ. ಎಂ.ಎಸ್ಸಿ., ಹೋಮ್ ಸೈನ್ಸ್. ಫಸ್ಟ್ ಕ್ಲಾಸ್" ಅಂದರು. ನಗಲಿಲ್ಲ. ಅಲ್ಲೇ ನಿಂತರು. ಹಾಲಿನಲ್ಲಿದ್ದವರೆಲ್ಲ, ಹೌದಾ, ಗೊತ್ತೇ ಇರಲಿಲ್ಲ, ಅಂತ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆ ಮಾತು ಕೇಳಬೇಕಾಗಿದ್ದವಳು ಅಪ್ಪನ ಎದುರಿಗೇ ಮಲಗಿದ್ದಳು.