ಬೆನ್ನ ಹಿಂದೆ ನಿಂತ ಅಣ್ಣ

ನನ್ನ ಅಣ್ಣ ಯಾವುದನ್ನೂ ಮೊದಲು ಅಂಗೈಯಿಂದ ಮುಟ್ಟುತ್ತಿರಲಿಲ್ಲ. ಬಿಸಿ ರೊಟ್ಟಿ, ಈದ ಎಮ್ಮೆಯ ಮೈ, ಜ್ವರ ಬಂದ ನನ್ನ ಮಗಳ ಹಣೆ, ಎಲ್ಲಕ್ಕೂ ಕೈಯ ಬೆನ್ನು ತಾಗಿಸಿ ನೋಡುತ್ತಿದ್ದ. ಲೈನ್‌ಮನ್ ಕೈಕೆಳಗೆ ಕಂಬ ಹತ್ತಿ ಕಲಿತ ರೂಢಿ ಅದು. "ಅಂಗೈಲೆ ಮುಟ್ಟಿದ್ರ ತಂತಿ ಹಿಡ್ಕೊಂಡ ಬಿಡ್ತೈತಿ, ತಂಗಿ. ಕೈಬೆನ್ನ ಆದ್ರ ಬಿಟ್ಟ ಕಳಸ್ತೈತಿ" ಎನ್ನುತ್ತಿದ್ದ.

ನಿಪ್ಪಾಣಿ ಕಡೆಯ ನಮ್ಮೂರಲ್ಲಿ ನನ್ನ ಗಂಡನದು ಹಿಟ್ಟಿನ ಗಿರಣಿ. ಉಳಿದ ಗಿರಣಿಗಳಂತೆ ಅದೂ ಅರ್ಧ ದಿನ ಕದ್ದ ಕರೆಂಟಿನ ಮೇಲೆ ತಿರುಗುತ್ತಿತ್ತು. ಕಂಬದ ತಂತಿಗೆ ಕೊಕ್ಕೆ ಸಿಕ್ಕಿಸುವುದಕ್ಕೆ ನಮ್ಮಲ್ಲಿ ಆಕಡಾ ಹಾಕುವುದು ಎನ್ನುತ್ತಾರೆ. ಎಲ್ಲರಿಗೂ ಹಾಕಿಕೊಡುತ್ತಿದ್ದವನು ಅಣ್ಣ. ತಪಾಸಣೆಯವರು ಹಿಡಿದಾಗ ಗಿರಣಿಯವರೆಲ್ಲ ದಂಡ ಕಟ್ಟಿ ಮನೆ ಸೇರಿದರು, ನನ್ನ ಗಂಡನೂ. ಅಣ್ಣ ಜೈಲಿಗೆ ಹೋದ. ಅವನ ಪರವಾಗಿ ಕಟ್ಟುವವರು ಯಾರೂ ಇರಲಿಲ್ಲ ಎಂದು ಕೇಳಿದವರಿಗೆಲ್ಲ ಹೇಳುತ್ತ ಬಂದಿದ್ದೇನೆ. ನಾವಿದ್ದೆವು.

ದಂಡ ಕಟ್ಟಿದವರು ಗುಡಿ ಕಮಿಟಿಯಲ್ಲಿ ಹಾಗೆಯೇ ಉಳಿದರು. ಜೈಲಿನಿಂದ ಬಂದ ಅಣ್ಣನಿಗೆ ಮಾತ್ರ, ಹಾಲಿಗೆ ನೀರು ಬೆರೆಸುವ ಚಹಾದಂಗಡಿಯವನು ಕೂಡ ಗಾಜಿನ ಲೋಟ ಬಿಟ್ಟು ಕಾಗದದ ಕಪ್ಪು ಕೊಡತೊಡಗಿದ. "ಸಾಹೇಬರ ಕಪ್ಪ ಕೊಡ್ತಾನ ನೋಡ ನಂಗ" ಎಂದು ಅಣ್ಣ ನಗುತ್ತಿದ್ದ.

ಮಗಳಿಗೆ ಉಗಾರದ ಫ್ಯಾಕ್ಟರಿಯಲ್ಲಿ ನೌಕರಿಯಿದ್ದ ವರ ಗೊತ್ತಾದ. ಅಕ್ಷತೆಯ ಹೊತ್ತಿಗೆ ಸೋದರಮಾವ ಹುಡುಗಿಯ ಬೆನ್ನ ಹಿಂದೆ ನಿಲ್ಲಬೇಕು. ಅದಕ್ಕೇ ಅಣ್ಣನ ಹತ್ತಿರ ಹೋದೆ.

"ಅಣ್ಣಾ, ಬೀಗರು ದೊಡ್ಡ ಮಂದಿ. ಜೈಲಿನ ಸುದ್ದಿ ಅವ್ರ ಕಿವಿಗೆ ಬಿದ್ರ..."

ಮುಂದಿನದನ್ನು ಅವನೇ ಹೇಳಿದ.

"ತಿಳೀತ ಬಿಡವ್ವಾ. ಗುಜರಾತಕ್ಕ ದುಡಿಯಾಕ ಹೋಗ್ಯಾನ ಅಂತ ಹೇಳ."

ಹಾಗೆಯೇ ಹೇಳಿದೆ. ನನ್ನ ಚಿಕ್ಕಪ್ಪನ ಮಗನನ್ನು ಸೋದರಮಾವನ ಜಾಗಕ್ಕೆ ಗೊತ್ತುಮಾಡಿದೆವು. ಮದುವೆಯ ದಿನ ನೋಡಿದರೆ ಅಣ್ಣ ಅಡುಗೆಯವರ ಜೊತೆ ಬಂದು, ತಲೆಗೆ ಟವೆಲ್ ಸುತ್ತಿಕೊಂಡು ಪಂಕ್ತಿಯಲ್ಲಿ ಹುಗ್ಗಿ ಬಡಿಸುತ್ತಿದ್ದ.

ಬೀಗರು ಚೇಷ್ಟೆ ಮಾಡಿದರು: "ಏನಪಾ, ಇಷ್ಟ ಸುರೀತಿಯಲ್ಲ, ನಿಮ್ಮ ಮನಿದೇನ ಹುಗ್ಗಿ?"

"ನಮ್ಮ ಮನಿದ ಅಂತ ತಿಳ್ಕೊಂಡ ಹಾಕಾಕತ್ತೇನ್ರಿ. ಉಣ್ರಿ."

ಪೆಂಡಾಲಿನ ದೀಪಗಳೆಲ್ಲ ಆಕಡಾದ ಮೇಲೆಯೇ ಉರಿಯುತ್ತಿದ್ದವು. ಬೀಗರು ಬಂದವರಿಗೆಲ್ಲ ಆ ಝಗಮಗ ತೋರಿಸಿ ಹಿಗ್ಗುತ್ತಿದ್ದರು. ಅಣ್ಣ ಒಮ್ಮೆ ಮೇಲೆ ನೋಡಿ, ನನ್ನ ಪಕ್ಕದಲ್ಲಿ ಹಾಯುವಾಗ ಮೆಲ್ಲಗೆ ಅಂದ: "ಯಾರ ಹಾಕ್ಯಾರ ಇದನ್ನ? ಸಡಿಲ ಐತಿ. ಗಾಳಿ ಬಿಟ್ರ ತಂತಿ ಮಂದಿ ಮ್ಯಾಲ ಬೀಳ್ತೈತಿ."

"ಈಗ ಮುಟ್ಟಬ್ಯಾಡ ಅಣ್ಣಾ, ಎಲ್ಲಾರೂ ನೋಡ್ತಾರ" ಎಂದೆ. ತಂತಿ ಬೀಳುವುದಕ್ಕಿಂತ ಅವನು ಯಾರೆಂದು ಬೀಗರಿಗೆ ತಿಳಿದೀತು ಎಂಬುದೇ ನನಗೆ ಹೆಚ್ಚಿನ ಅಂಜಿಕೆಯಾಗಿತ್ತು.

ಅಕ್ಷತೆ ಬಿದ್ದಾಗ ನಾನು ಕಣ್ಣೆತ್ತಿ ನೋಡಿದೆ. ಮಗಳ ಹಿಂದೆ ನನ್ನ ಚಿಕ್ಕಪ್ಪನ ಮಗ ನಿಂತಿದ್ದ. ಅವನ ಹಿಂದೆ, ಪೆಂಡಾಲಿನ ಅಂಚಿನಲ್ಲಿ, ಸರಿಯಾಗಿ ಆ ತಂತಿಯ ಕೆಳಗೆ ಅಣ್ಣ ನಿಂತಿದ್ದ. ಕೈಯಲ್ಲಿ ಉದ್ದನೆಯ ಒಣ ಬಿದಿರಿನ ಗಳ, ತಂತಿ ಜಾರಿದರೆ ಆಚೆ ನೂಕಲು. ಎಲ್ಲರೂ ಅಕ್ಷತೆ ಎಸೆಯುತ್ತಿದ್ದರು. ಅವನ ಎರಡೂ ಕೈ ಗಳದ ಮೇಲಿದ್ದವು, ಕಣ್ಣು ಮೇಲೆಯೇ ಇತ್ತು. ಸೋದರಸೊಸೆಯ ಮದುವೆಯನ್ನು ಅವನು ನೋಡಲೇ ಇಲ್ಲ.

ಹೋದ ವರ್ಷ ಅಣ್ಣ ಕಾಮಾಲೆಯಿಂದ ತೀರಿಕೊಂಡ. ಮಗಳ ಜೊತೆ ಬೀಗರೂ ಮಣ್ಣು ಕೊಡಲು ಬಂದರು. ಮುಖ ನೋಡಿ ತಡೆದು ನಿಂತರು.

"ಇವ್ರು ಅವತ್ತ ಹುಗ್ಗಿ ನೀಡಿದವ್ರಲ್ಲೇನ್ರಿ?"

"ಹೌದ್ರಿ. ಗುಜರಾತಕ್ಕ ಹೋಗೇ ಇರಲಿಲ್ರಿ. ಜೈಲಿಗೆ ಹೋಗಿದ್ದ, ನಮ್ಮ ಗಿರಣಿ ಸಲುವಾಗಿ" ಎಂದೆ. ಗಂಡ ತಲೆ ತಗ್ಗಿಸಿದ. ಬೀಗರು ಚಪ್ಪಲಿ ಬಿಟ್ಟು ಬಂದು ಅಣ್ಣನ ಕಾಲು ಮುಟ್ಟಿದರು.

ಅದು ಅವನು ಬದುಕಿದ್ದಾಗ, ಅವನು ಕೇಳುವಂತೆ ನಾನು ಹೇಳಬೇಕಾಗಿದ್ದ ಮಾತು. ಎತ್ತುವ ಮುಂಚೆ ಅವನ ಹಣೆಗೆ ನನ್ನ ಕೈಬೆನ್ನು ತಾಗಿಸಿದೆ. ತಣ್ಣಗಿತ್ತು.